ಕಾಕಿಯ ಅಳತೆ ದಾರಗಳು

ಕಾಕಿಯ ಹೆಬ್ಬೆರಳ ಬುಡದಲ್ಲಿ ಗಾಜಿನ ಗೀರುಗಳು ಒಂದರ ಮೇಲೊಂದು ಬಿದ್ದು ಚರ್ಮ ಗಟ್ಟಿಯಾಗಿಬಿಟ್ಟಿತ್ತು. ಅದೇ ಒರಟು ಕೈಯಿಂದ ನಮ್ಮ ಕೈ ಹಿಂಡಿ ಬಳೆ ಏರಿಸಿದರೆ ಒಂದಿಷ್ಟೂ ನೋವಾಗುತ್ತಿರಲಿಲ್ಲ. ಜಹೀರಾಬಾದಿನ ನಮ್ಮ ಓಣಿಯ ಮೂಲೆಯಲ್ಲಿ ಅವಳ ಬಳೆ ಅಂಗಡಿ. ಓಣಿಗೆಲ್ಲ ಅವಳು ಕಾಕಿ, ಅಂದರೆ ಚಿಕ್ಕಮ್ಮ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಅವಳೇ ಕರೆದು ಕೆಲಸಕ್ಕೆ ಹಚ್ಚಿದಳು.

ಕಾರಹುಣ್ಣಿಮೆ ಮುಗಿದ ಮರುದಿನವೇ ಕಾಕಿಗೆ ದಸರಾ ಶುರು. ಗೋಡೆಯ ಮೊಳೆಗಳಿಗೆ ದಾರದ ಗೊಂಚಲುಗಳು ತೂಗುತ್ತಿದ್ದವು. ಮನೆಗೊಂದು ಬಣ್ಣ, ಆ ಮನೆಯ ಹೆಣ್ಣುಮಕ್ಕಳಿಗೆ ತಲೆಗೊಂದು ದಾರ, ಕೈಯ ಅಳತೆಗೆ ಒಂದು ಗಂಟು. ನ್ಯಾಲ್ಕಲ್ ಕಡೆಯ ಹೆಂಗಸರು ಸಂತೆಗೆ ಬಂದರೆ ಬಿಡುತ್ತಿರಲಿಲ್ಲ. "ಬೀದರ್‌ಗಿ ಕೊಟ್ಟ ಮಗಳು ಹಬ್ಬಕ್ಕ ಬರ್ತಾಳೇನ್ರಿ? ಮೈ ತುಂಬ್ಯಾಳೋ, ಹಂಗೇ ಅದಾಳೋ?" ಹಬ್ಬ ಇನ್ನೂ ಎಲ್ಲೋ ಇದೆ ಎಂದು ನಾನು ನಗುತ್ತಿದ್ದೆ.

"ನಗು ತಂಗಿ, ನಗು. ಹಬ್ಬ ಬಾಗಲಿಗಿ ಬಂದಮ್ಯಾಲ ಹಿಟ್ಟು ಬೀಸಾಕ ಕೂತ್ರ ಹೋಳಿಗಿ ಯಾವಾಗ ತಿಂತಿ?"

ತೆಲಂಗಾಣ ಹೋರಾಟ ಜೋರಾಗಿದ್ದ ಒಂದು ವರ್ಷ ದಸರಾಕ್ಕೆ ಮುಂಚೆಯೇ ಬಸ್ಸುಗಳು ನಿಂತವು. ಇವತ್ತು ಬಂದ್, ನಾಳೆ ರಸ್ತಾರೋಕೊ. ಬೇರೆ ಅಂಗಡಿಗಳಿಗೆ ಹೈದರಾಬಾದಿನಿಂದ ಮಾಲೇ ಬರಲಿಲ್ಲ. ಕಾಕಿಯ ಮಾಲು ಆಷಾಢದಲ್ಲೇ ಬಂದು ಕೂತಿತ್ತು, ಆದರೆ ಗಿರಾಕಿ ಬರಬೇಕಲ್ಲ! ಎರಡು ದಿನ ಸುಮ್ಮನೆ ಕೂತಳು. ಮೂರನೆಯ ದಿನ ಗೊಂಚಲುಗಳನ್ನೆಲ್ಲ ಕೆಳಗಿಳಿಸಿದಳು.

"ಅವ್ರು ಬರದಿದ್ರ ಬಳೀನೇ ಹೋಗ್ತಾವ, ನಡಿ."

ದಾರ ನೋಡಿ ಡಜನ್ ಕಟ್ಟಿದೆವು, ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಹಳ್ಳಿಯ ಜೀಪುಗಳಲ್ಲಿ ಕಳಿಸಿದೆವು. ಒಂದು ಬಳೆಯೂ ಒಡೆಯಲಿಲ್ಲ. ನನ್ನ ಜಾಣತನವೇ ಬೇರೆ ಕೆಲಸ ಮಾಡಿತ್ತು. ಪೆಟ್ಟಿಗೆಯ ಕೆಳಗೆ ಸಿಕ್ಕ ಒಂಟಿ ದಾರವನ್ನು, ಕಳಚಿ ಬಿದ್ದಿರಬೇಕೆಂದು, ಬಣ್ಣ ನೋಡಿ ಅದರ ಗೊಂಚಲಿಗೆ ಮತ್ತೆ ಕಟ್ಟಿದ್ದೆ. ಅದು ಬಿದ್ದದ್ದಲ್ಲ, ಕಾಕಿ ಬಿಚ್ಚಿಟ್ಟದ್ದು. ಆ ದಾರದ ಹುಡುಗಿಯ ಗಂಡ ಶ್ರಾವಣದಲ್ಲಿ ತೀರಿಕೊಂಡಿದ್ದ. ಅವಳ ತವರಿಗೆ ನಾನು ಎರಡು ಡಜನ್ ಹಸಿರು ಬಳೆ ಮುಟ್ಟಿಸಿದ್ದೆ.

ವಿಷಯ ತಿಳಿದಾಗ ಕಾಕಿ ಬೈಯಲಿಲ್ಲ. ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೊರಟಳು. ಆ ಹುಡುಗಿಯ ತಾಯಿಯ ಮುಂದೆ ನೆಲಕ್ಕೆ ಕೂತು, "ತಪ್ಪು ನಂದದ ಅಕ್ಕಾ, ನನ್ನ ಕೈಯಿಂದ ಆತು" ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಮಣಿಕಟ್ಟು ಒತ್ತಿ ಹಿಡಿದಳು. ತಾಯಿ ಬಳೆಯ ಗಂಟನ್ನು ತಂದು ಮುಂದಿಟ್ಟಳು. "ಬಿಚ್ಚಿಲ್ರಿ. ಆಕೀಗಿ ತೋರ್ಸಿಲ್ಲ." ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಮರಳುವಾಗ ಕಾಕಿ ಹೇಳಿದ್ದಿಷ್ಟೇ: "ಅಳತಿ ಹೋದ ವರ್ಷದ್ದು ನಡೀತದ ತಂಗಿ. ಸುದ್ದಿ ಈ ವರ್ಷದ್ದೇ ಬೇಕು."

ಈಗ ನಾನು ಆನ್‌ಲೈನಿನಲ್ಲಿ ಬಳೆ ಮಾರುತ್ತೇನೆ. ನನಗೂ ದಸರಾ ಕಾರಹುಣ್ಣಿಮೆಗೇ ಶುರು. ಹಬ್ಬದ ಸಂದೇಶ ಯಾರ್‍ಯಾರಿಗೆ ಹೋಗಬೇಕೆಂಬ ಪಟ್ಟಿ ಆಷಾಢದಲ್ಲೇ ಕಂಪ್ಯೂಟರಿಗೆ ಸೇರಿರುತ್ತದೆ. ಮೊದಲ ಹೆಸರು ಕಾಕಿಯದೇ ಆಗಿರುತ್ತಿತ್ತು. ಪ್ರತಿ ವರ್ಷ ಸಂದೇಶ ಸೇರಿದ ಕೂಡಲೇ ಫೋನ್ ಮಾಡಿ, "ಬಂತು ನೋಡು" ಅನ್ನುತ್ತಿದ್ದಳು.

ಹೋದ ವರ್ಷ ಶ್ರಾವಣದಲ್ಲಿ ಕಾಕಿ ಹೋದಳು. ಮಣ್ಣಿಗೆ ನಾನೂ ಹೋಗಿದ್ದೆ, ಅತ್ತೂ ಬಂದೆ. ಪಟ್ಟಿ ಮಾತ್ರ ತೆರೆದು ನೋಡಲಿಲ್ಲ. ದಸರಾಕ್ಕೆ ಹದಿನೈದು ದಿನವಿರುವಾಗ ಸಂದೇಶಗಳು ತಾವಾಗಿಯೇ ಹೋದವು. ಮಧ್ಯಾಹ್ನ ಅವಳ ಸೊಸೆಯ ಫೋನು ಬಂತು.

"ಅಕ್ಕಾ, ಅತ್ತಿ ಫೋನಿಗಿ ನಿಮ್ಮ ಮೆಸೇಜ್ ಬಂದದ. ನಿಮ್ಮ ಅಳತಿ ಬಳಿ ತಯಾರ್ ಅದಾವ, ಹಬ್ಬಕ್ಕ ಕಳಿಸ್ಲೇನು ಅಂತ ಬರದದ."

ಫೋನು ಕಿವಿಗಿಟ್ಟುಕೊಂಡೇ ಪಟ್ಟಿ ತೆರೆದೆ, ಮೊದಲ ಹೆಸರು ಇನ್ನೂ ಕಾಕಿಯದೇ ಇತ್ತು. ಆಮೇಲೆ, "ತಪ್ಪು ನಂದದ ತಂಗಿ, ನನ್ನ ಕೈಯಿಂದ ಆತು" ಅಂದೆ. ಮಣಿಕಟ್ಟು ಒತ್ತಿ ಹಿಡಿದು ಆ ತಪ್ಪನ್ನು ತನ್ನದೆಂದು ಹೇಳುವವಳು ಈಗ ಇರಲಿಲ್ಲ.