ಅಮ್ಮನ ಪಾಲಿನ ಬೈಗುಳ

ಅಮ್ಮನ ಹೆಬ್ಬೆರಳಿನ ಉಗುರಿನಡಿ ಸೇರಿದ ಕೆಸರು ನಾಟಿ ಮುಗಿದು ಹದಿನೈದು ದಿನವಾದರೂ ಹೋಗುತ್ತಿರಲಿಲ್ಲ. ನನ್ನ ತಲೆ ಬಾಚುವಾಗ ಅವಳ ಕೈಯಿಂದ ಕೊಬ್ಬರಿ ಎಣ್ಣೆಯ ಜೊತೆಗೆ ಗದ್ದೆಯ ವಾಸನೆಯೂ ಬರುತ್ತಿತ್ತು. ಈಗ ಸೊರಬದಲ್ಲಿ ನಾನು ನೋಡಿಕೊಳ್ಳುವ ನರ್ಸರಿಯಲ್ಲಿ ಬೆಳಿಗ್ಗೆ ಮಣ್ಣಿಗೆ ನೀರು ಬಿಟ್ಟಾಗ ಅದೇ ವಾಸನೆ ಏಳುತ್ತದೆ. ಶಿಕಾರಿಪುರದ ಕಡೆಯ ನಮ್ಮ ಮನೆ ನೆನಪಾಗುತ್ತದೆ, ಸಿಟ್ಟು ಬರುತ್ತದೆ.

ಅಂಬ್ಲಿಗೊಳ ಜಲಾಶಯದ ಕಾಲುವೆಗೆ ನೀರು ಬಿಟ್ಟ ವಾರ ನಮ್ಮ ಅಂಗಳದಲ್ಲಿ ನಾಟಿಯ ಹೆಂಗಸರು ಸೇರುತ್ತಿದ್ದರು. ಅವರನ್ನು ನಡೆಸುತ್ತಿದ್ದವಳು ಅಪ್ಪನ ತಾಯಿ, ನನ್ನ ಅಜ್ಜಿ. ಆಳು ನಡೆಸುವುದನ್ನು ಅವಳಿಂದ ಕಲಿಯಬೇಕು ಎಂದು ಊರೇ ಹೇಳುತ್ತಿತ್ತು, ಅದು ಸುಳ್ಳಲ್ಲ. ಸಿಡುಕಿನ ಕೆಂಚವ್ವನನ್ನು ಹೊಗಳಿಯೇ ಬಗ್ಗಿಸುತ್ತಿದ್ದಳು. ಬಸುರಿಗೆ ಬದುವಿನ ಮೇಲೆ ಕೂತು ಸಸಿ ಕಟ್ಟುವ ಕೆಲಸ. ಹೊಸಬಳಿಗೆ ಏನೂ ಹೇಳದೆ, ಪಕ್ಕದಲ್ಲಿ ತಾನೇ ಬಗ್ಗಿ ನಾಲ್ಕು ಸಾಲು ನೆಟ್ಟು ತೋರಿಸುತ್ತಿದ್ದಳು. ಮಳೆ ಜೋರಾದರೆ ಹಾಡು, ಬಿಸಿಲೇರಿದರೆ ಮಜ್ಜಿಗೆ. ನಿಮ್ಮ ಮನೆಯಲ್ಲೂ ಅಂಥ ಅಜ್ಜಿ ಇದ್ದಿರಬಹುದು. ಇದ್ದಿದ್ದರೆ, ಅವಳ ಬೈಗುಳವೆಲ್ಲ ಯಾರ ಪಾಲಿಗೆ ಹೋಗುತ್ತಿತ್ತು ಎಂಬುದೂ ನಿಮಗೆ ಗೊತ್ತಿರುತ್ತದೆ.

ಯಾರ ಸಾಲು ಸೊಟ್ಟಗಾದರೂ ಅಜ್ಜಿ ಅಮ್ಮನ ಕಡೆ ತಿರುಗುತ್ತಿದ್ದಳು. "ಕಣ್ಣು ಎಲ್ಲಿಟ್ಟೀಯೇ? ಹಾವು ಹರಿದಂಗೆ ಐತಲ್ಲ ಸಾಲು. ನಿಮ್ಮಪ್ಪನ ಮನ್ಯಾಗೆ ಹಿಂಗೇ ನೆಡ್ತಿದ್ರಾ?" ಅಮ್ಮನ ಸಾಲು ನೂಲು ಹಿಡಿದಂತೆ ನೇರ. ಸೊಟ್ಟ ನೆಟ್ಟವಳು ಮೂರು ಹೆಜ್ಜೆ ಆಚೆ ಸದ್ದಿಲ್ಲದೆ ಸರಿಮಾಡಿಕೊಳ್ಳುತ್ತಿದ್ದಳು. ಎಲ್ಲರಿಗೂ ಗೊತ್ತಿತ್ತು. ನೀನ್ಯಾಕೆ ಸುಮ್ಮನಿರುತ್ತೀ ಎಂದು ಒಮ್ಮೆ ನಾನು ಕೇಳಿದೆ. ಅಮ್ಮ ನನ್ನ ಜಡೆ ಬಿಗಿಯುತ್ತಾ, "ಅವ್ರಿಗೆ ಬೈದ್ರೆ ನಾಳೆ ಬರ್ತಾರೇನೆ? ನಾನಾದ್ರೆ ಎಲ್ಲಿಗೆ ಹೋಗ್ತೀನಿ?" ಎಂದಳು.

ಅಜ್ಜಿ ಹೋದಳು, ಅವಳ ಹಿಂದೆಯೇ ಅಮ್ಮ. ನಾಟಿಗೆ ಯಂತ್ರ ಬಂತು. ಮನೆ ಪಾಲಾಗಿ, ಆ ಅಂಗಳದಲ್ಲಿ ಈಗ ಚಿಕ್ಕಪ್ಪನ ಗೊಬ್ಬರದ ಅಂಗಡಿ ಇದೆ. ಸಿಟ್ಟು ಮಾತ್ರ ನನ್ನ ಹತ್ತಿರ ಉಳಿಯಿತು.

ಹೋದ ವಾರ ನರ್ಸರಿಯಲ್ಲಿ ಗಿರಿಜಾ ನಲ್ಲಿ ನಿಲ್ಲಿಸದೆ ಹೋಗಿ, ಟ್ರೇಗಳಲ್ಲಿ ಬಿತ್ತಿದ್ದ ಮೆಣಸಿನ ಬೀಜವೆಲ್ಲ ತೇಲಿಹೋಯಿತು. ಗಿರಿಜಾ ಕೆಲಸದಲ್ಲಿ ಚುರುಕು, ಒಂದು ಮಾತಿಗೆ ಮುನಿದು ಮನೆಗೆ ಹೊರಡುವವಳು. ಅವಳಿಗೆ ಕೇಳಲಿ ಎಂದು ನಾನು ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ನಾಗವೇಣಿಗೆ ಬೈದೆ. ಗಂಡ ತೀರಿಕೊಂಡ ನಾಗವೇಣಿಗೆ ಬೇರೆ ಕೆಲಸ ಸಿಗುವುದಿಲ್ಲ. ಅದು ಗೊತ್ತಿದ್ದೇ ಬೈದೆ. "ಆಯ್ತು ಮೇಡಂ, ಇನ್ಮೇಲೆ ನೋಡ್ಕೋತೀನಿ" ಎಂದಳು. ಇಷ್ಟು ವರ್ಷ ಅಜ್ಜಿಯ ಮೇಲೆ ಸಾಕಿಕೊಂಡಿದ್ದ ಸಿಟ್ಟನ್ನು ಆ ಸಂಜೆ ಎಲ್ಲಿಡಬೇಕೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಕರೆದು, ನಲ್ಲಿ ಬಿಟ್ಟು ಹೋದವಳು ಗಿರಿಜಾ, ಅದು ಗೊತ್ತಿದ್ದೂ ನಾಗವೇಣಿಗೆ ಬೈದವಳು ನಾನು ಎಂದೆ. ಗಿರಿಜಾ ಊಟದ ಡಬ್ಬಿ ಎತ್ತಿಕೊಂಡು ಹೊರಟಳು. ನಾನು ತಡೆಯಲಿಲ್ಲ. ಅವಳ ಜಾಗದಲ್ಲಿ ಕೂತು ಖಾಲಿ ಟ್ರೇಗಳಿಗೆ ಮಣ್ಣು ತುಂಬಿದೆ.