ನಾನು ಹಾಕಿದೆನೆಂಬ ನೀರು

ತಾನು ಮಾಡಿದ್ದು ತನಗೇ ಗೊತ್ತಾಗಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಮೊದಲೆಲ್ಲ ಮನಸ್ಸಿನಲ್ಲೇ ನಗುತ್ತಿದ್ದೆ. ಮೈಮೇಲೆ ಬಂದದ್ದು, ಬಾಯಲ್ಲಿ ಇನ್ಯಾರೋ ನುಡಿದದ್ದು, ಇವೆಲ್ಲ ಬೇಕಾದಾಗ ಮರೆಯಬಲ್ಲವರ ಅನುಕೂಲ ಎಂದುಕೊಂಡಿದ್ದೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ಸಾಕ್ಷಿಯಿಲ್ಲದ ಮಾತನ್ನು ನಂಬಬಾರದೆಂದು ಮಕ್ಕಳಿಗೆ ಪಾಠ ಹೇಳುತ್ತೇನೆ. ನನ್ನ ನೆನಪಿನ ಮೇಲೆ ಹೆಚ್ಚು ಭರವಸೆಯಿಲ್ಲದೆ ಪ್ರತಿ ಸಂಜೆ ದಿನಚರಿ ಬರೆಯುತ್ತೇನೆ. ಆದರೂ ಈ ಒಂದು ವಿಷಯದಲ್ಲಿ ಏನು ನಡೆಯಿತೆಂದು ನನಗೆ ಗೊತ್ತಿಲ್ಲ.

ಎಂಟು ವರ್ಷಗಳ ಹಿಂದೆ ನಾನು ಜಾವಗಲ್ಲಿನ ಕಾಲೇಜಿನಲ್ಲಿದ್ದೆ. ಪಕ್ಕದ ಮನೆಯಲ್ಲಿ ಫಿಲೋಮಿನಾ ಎಂಬ ಶಾಲಾ ಶಿಕ್ಷಕಿ ಇದ್ದಳು. ಗಂಡ ಜೋಸೆಫ್‌ಗೆ ಬಾಣಾವರದ ಸ್ಟೇಷನ್ನಿನಲ್ಲಿ ಕೆಲಸ. ಊರಿನಲ್ಲಿ ಇವರದೊಂದೇ ಕ್ರೈಸ್ತ ಮನೆ. ಭಾನುವಾರ ಪೂಜೆಗೆ ಬಸ್ಸಿನಲ್ಲಿ ಅರಸೀಕೆರೆಗೆ ಹೋಗಿಬರುತ್ತಿದ್ದರು. ಅವಳಿಗೆ ದಿನ ತುಂಬುವ ಮೊದಲೇ ಒಂದು ಮಧ್ಯಾಹ್ನ ನೋವು ಬಂತು. ಜೋಸೆಫ್ ಡ್ಯೂಟಿಯಲ್ಲಿದ್ದ. ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ.

ಹುಟ್ಟಿದ ಹೆಣ್ಣುಮಗು ಅಳಲಿಲ್ಲ. ಉಸಿರಾಟ ಸರಿಯಾಗಿಲ್ಲ, ತಕ್ಷಣ ಹಾಸನಕ್ಕೆ ಒಯ್ಯಿರಿ ಎಂದರು ಡಾಕ್ಟರ್. ಫಿಲೋಮಿನಾಗೆ ರಕ್ತಸ್ರಾವ ನಿಂತಿರಲಿಲ್ಲ, ಏಳುವಂತಿರಲಿಲ್ಲ. ಆಂಬುಲೆನ್ಸ್ ಹತ್ತುವ ಮೊದಲು ಅವಳು ನನ್ನ ಕೈ ಹಿಡಿದಳು.

"ಮೇಡಂ, ದಾರಿಯಲ್ಲಿ ಹೆಚ್ಚುಕಮ್ಮಿ ಆದ್ರೆ ನೀವೇ ಜ್ಞಾನಸ್ನಾನ ಕೊಡಿ. ಫಾದರ್ ಬರೋವರೆಗೂ ಇರಲ್ಲ ಅದು."

"ನಾನಾ? ನಾನು ನಿಮ್ಮ ಮತದವಳೇ ಅಲ್ವಲ್ಲ ಕಣೇ."

"ಅಂಥ ಹೊತ್ತಲ್ಲಿ ಯಾರು ಬೇಕಾದ್ರೂ ಕೊಡಬೋದು. ತಲೆ ಮೇಲೆ ಮೂರು ಸಲ ನೀರು ಹಾಕಿ. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಅನ್ನಿ. ಅಷ್ಟೇ."

ಹೆಸರೇನೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆಂಬುಲೆನ್ಸಿನಲ್ಲಿ ನನ್ನೊಂದಿಗೆ ಗಿರಿಜಮ್ಮ ಎಂಬ ನರ್ಸ್ ಇದ್ದರು. ಮಗು ನನ್ನ ಮಡಿಲಲ್ಲಿತ್ತು. ಅವರ ಎರಡು ಕೈಗಳೂ ಆಮ್ಲಜನಕದ ಚೀಲವನ್ನು ಒತ್ತುವುದರಲ್ಲಿದ್ದವು. ನನ್ನ ಪಕ್ಕದಲ್ಲಿ ನೀರಿನ ಬಾಟಲಿ ಇತ್ತು. ಹಳೇಬೀಡು ದಾಟಿದ ಮೇಲೆ ಮಗುವಿನ ತುಟಿ ನೀಲಿಯಾಯಿತು. ಗಿರಿಜಮ್ಮ, "ಏನ್ ಮಾಡಾದು ಮೇಡಂ, ಹೋಯ್ತದೆ ಅನ್ಸ್ತದೆ" ಎಂದರು.

ಇಲ್ಲಿಂದ ಮುಂದಿನದು ನನ್ನ ನೆನಪಿನಲ್ಲಿ ಹೀಗಿದೆ. ನಾನು ಬಾಟಲಿಯನ್ನು ನೋಡಿದೆ. ಸಾಯುತ್ತಿರುವ ಕೂಸಿನ ತಲೆಗೆ ತಣ್ಣೀರು ಹಾಕಿದರೆ ನಾನೇ ಕೊಂದಂತಾಗುತ್ತದೆ ಎಂದು ಭಯವಾಯಿತು. ನಂಬದೆ ಹೇಳುವ ಮಾತಿಗೆ ಏನು ಅರ್ಥ ಎಂದೂ ಅನ್ನಿಸಿತು. ಕೈ ಏಳಲಿಲ್ಲ. ಹಾಗೆಯೇ ಕುಳಿತಿದ್ದೆ. ಸ್ವಲ್ಪ ಹೊತ್ತಿಗೆ ಮಗು ಅತ್ತಿತು. ಹಾಸನದ ಆಸ್ಪತ್ರೆಯವರು ಅದನ್ನು ಕೈಗೆತ್ತಿಕೊಂಡರು. ಜೋಸೆಫ್ ನೇರವಾಗಿ ಅಲ್ಲಿಗೇ ಬಂದಿದ್ದ.

ಅಂದು ರಾತ್ರಿ ಮನೆಗೆ ಬಂದು ಬರೆದ ಪುಟ ಈಗಲೂ ಇದೆ: "ಕೇಳಿದ ಒಂದೇ ಕೆಲಸವನ್ನೂ ಮಾಡಲಿಲ್ಲ. ಬಾಟಲಿ ತೆರೆಯಲೂ ಇಲ್ಲ. ಮಗು ಉಳಿದಿದೆ. ಸೀರೆ ಒದ್ದೆಯಾಗಿತ್ತು, ಬದಲಿಸಿದೆ."

ಮಗು ಮೂರು ವಾರ ಹಾಸನದಲ್ಲಿತ್ತು. ಮನೆಗೆ ಬಂದ ದಿನ ಫಿಲೋಮಿನಾ ನನ್ನ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡಳು. ಜೋಸೆಫ್, "ನನ್ ಹೆಂಡ್ತಿ ನಿಮ್ಮನ್ನ ಫಾದರ್ ಮಾಡ್ಬಿಟ್ಲಲ್ಲ ಮೇಡಂ!" ಎಂದು ನಕ್ಕ. ನನಗೆ ಏನೂ ತಿಳಿಯಲಿಲ್ಲ. ನಾನು ನೀರು ಹಾಕಲಿಲ್ಲ ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ನಾನು ಹಾಕಿದ್ದನ್ನು ಅವರಿಗೆ ಹೇಳಿದವರು ಗಿರಿಜಮ್ಮನಂತೆ.

ಮರುದಿನವೇ ಹೋಗಿ ಅವರನ್ನು ಕೇಳಿದೆ. "ಅಯ್ಯೋ, ನಾನು ಬೈದ್ನಲ್ರೀ! ಕೂಸಿಗೆ ಥಂಡಿ ಆಯ್ತದೆ, ಹುಯ್ಬ್ಯಾಡಿ ಅಂದ್ರೆ ನೀವೆಲ್ಲಿ ಕೇಳುಸ್ಕಂಡ್ರಿ? ಆಗ್ನೆಸ್ ಅಂತ ಕರ್ದು, ಅದೇನೋ ಹೇಳ್ಕಂಡು ಮೂರ್ ಸಲ ಹುಯ್ದ್ರಿ. ಆಮ್ಯಾಕೆ ತಾನೆ ಅದು ಅತ್ತಿದ್ದು" ಎಂದರು. ಅವರಿಗೆ ಸುಳ್ಳು ಹೇಳುವ ಕಾರಣವೇ ಇರಲಿಲ್ಲ. ಅವರಿಗೂ ಆ ಮತಕ್ಕೂ ಏನೂ ಸಂಬಂಧವಿಲ್ಲ.

ಹೆಣ್ಣಾದರೆ ಇಡಬೇಕೆಂದಿದ್ದ ಆಗ್ನೆಸ್ ಎಂಬ ಹೆಸರನ್ನು ಫಿಲೋಮಿನಾ ಗಂಡನಿಗೂ ಹೇಳಿರಲಿಲ್ಲ. ಪ್ರಾರ್ಥನೆಯಲ್ಲಿ ಮಾತ್ರ ಹೇಳಿಕೊಂಡಿದ್ದಳಂತೆ. ಹೆರಿಗೆಯ ನೋವಿನಲ್ಲಿ ಕೂಗಿರಬಹುದಲ್ಲವೇ, ಹೊರಗೆ ಕುಳಿತ ನಾನೂ ಒಳಗಿದ್ದ ಗಿರಿಜಮ್ಮನೂ ಕೇಳಿರಬಹುದಲ್ಲವೇ ಎಂದೆ. "ನೋವಲ್ಲಿ ಏನೇನ್ ಕೂಗಿದೀನೋ ನಂಗೇನ್ ಗೊತ್ತು ಮೇಡಂ" ಎಂದಳು. ಆ ಸಾಧ್ಯತೆಯ ಬಾಗಿಲೂ ಪೂರ್ತಿ ಮುಚ್ಚಲಿಲ್ಲ.

ಇದು ನನ್ನೊಬ್ಬಳ ಗೊಂದಲವಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಆದರೆ ಅವರ ಧರ್ಮದಲ್ಲಿ ಜ್ಞಾನಸ್ನಾನ ಬದುಕಿಗೆ ಒಂದೇ ಸಲ. ಮತ್ತೊಮ್ಮೆ ಕೊಡುವಂತಿಲ್ಲ. ಅದಿಲ್ಲದೆ ಪರಮಪ್ರಸಾದವಿಲ್ಲ, ಪಾಪನಿವೇದನೆಯಿಲ್ಲ, ಮುಂದಿನ ಯಾವ ಸಂಸ್ಕಾರವೂ ಇಲ್ಲ. ನಾನು ಹೌದೆಂದು ಸುಳ್ಳು ಹೇಳಿದರೆ ಮಗು ಅದಿಲ್ಲದೆಯೇ ಬೆಳೆಯುತ್ತದೆ. ಇಲ್ಲವೆಂದರೆ, ಆಸ್ಪತ್ರೆಯ ಮೂರು ವಾರ ಫಿಲೋಮಿನಾ ಯಾವುದನ್ನು ಹಿಡಿದುಕೊಂಡು ಬದುಕಿದ್ದಳೋ ಅದನ್ನು ಕಿತ್ತುಕೊಂಡಂತಾಗುತ್ತದೆ. ಮಗು ಹೋದರೂ ದೇವರ ಮಗುವಾಗಿಯೇ ಹೋಗುತ್ತದೆ ಎಂದು ಅವಳು ಮಲಗಿದಲ್ಲೇ ಹೇಳಿಕೊಳ್ಳುತ್ತಿದ್ದಳಂತೆ.

ಅರಸೀಕೆರೆಯ ಫಾದರ್ ನನ್ನನ್ನು ಕರೆಸಿದರು. ವಯಸ್ಸಾದವರು, ಸಮಾಧಾನಿ. ದಿನಚರಿಯನ್ನು ಅವರ ಮುಂದಿಟ್ಟೆ. ಆ ಪುಟವನ್ನು ಎರಡು ಸಲ ಓದಿ, "ಸೀರೆ ಹೇಗೆ ಒದ್ದೆಯಾಯ್ತಮ್ಮ?" ಎಂದು ಕೇಳಿದರು. ಮಗುವಿನಿಂದ ಎಂದುಕೊಂಡಿದ್ದೆ ಎಂದೆ. "ಅಂದುಕೊಂಡಿದ್ರೋ, ನೋಡಿದ್ರೋ?" ಎಂದರು. ನನ್ನ ವಿದ್ಯಾರ್ಥಿಗಳಿಗೆ ನಾನು ಕೇಳುವ ಪ್ರಶ್ನೆ ಅದು.

"ನಿಮ್ಮದೂ ಸುಳ್ಳಲ್ಲ, ಆ ನರ್ಸಮ್ಮನದೂ ಸುಳ್ಳಲ್ಲ ಅಂತ ಇಟ್ಕೊಳ್ಳೋಣ. ಇಂಥ ಸಂದೇಹಕ್ಕೂ ನಮ್ಮಲ್ಲಿ ದಾರಿ ಇದೆ" ಎಂದರು. ನಿನಗೆ ಈಗಾಗಲೇ ಜ್ಞಾನಸ್ನಾನ ಆಗಿಲ್ಲದಿದ್ದರೆ ಎಂಬ ಮಾತನ್ನು ಮೊದಲು ಸೇರಿಸಿ ನೀರು ಹಾಕುತ್ತಾರಂತೆ; ಮೊದಲೇ ಆಗಿದ್ದರೆ ಈ ನೀರು ಲೆಕ್ಕಕ್ಕಿಲ್ಲವಂತೆ. ಫಿಲೋಮಿನಾ ಒಪ್ಪಿದಳು, ಆದರೆ ಅಳುತ್ತ. ನನ್ನ ಕಡೆಗೆ ತಿರುಗಿ, "ನಿಮ್ಮ ಮೇಲೆ ಸಿಟ್ಟಿಲ್ಲ ಮೇಡಂ. ನಿಮಗೆ ಯಾಕೆ ನೆನಪಿಲ್ಲ ಅನ್ನೋದೇ ಸಂಕಟ" ಎಂದಳು.

ಆ ಭಾನುವಾರ ನಾನೂ ಚರ್ಚಿನಲ್ಲಿದ್ದೆ. ಫಾದರ್ ಮೊದಲ ಸಲ ನೀರು ಹಾಕಿದಾಗ ಮಗು ಸುಮ್ಮನಿತ್ತು, ಎರಡನೆಯ ಸಲವೂ ಸುಮ್ಮನಿತ್ತು. ಮೂರನೆಯದಕ್ಕೆ ಉಸಿರನ್ನು ಒಳಕ್ಕೆ ಎಳೆದುಕೊಂಡು, ತಡೆದು, ಅತ್ತಿತು. ಹಾಗೆಯೇ ಅಳುತ್ತದೆಂದು ನನಗೆ ಒಂದು ಗಳಿಗೆ ಮೊದಲೇ ಗೊತ್ತಿತ್ತು. ಅದು ನೆನಪೋ, ಗಿರಿಜಮ್ಮನ ಮಾತು ಕೇಳಿದ ಮೇಲೆ ನಾನೇ ಕಟ್ಟಿಕೊಂಡದ್ದೋ, ಇಂದಿಗೂ ಬಿಡಿಸಲಾಗಿಲ್ಲ.

ಈಗ ಎರಡೂ ಮನೆಯವರು ಅರಸೀಕೆರೆಯಲ್ಲೇ ಇದ್ದೇವೆ. ಆಗ್ನೆಸ್ ಮೊದಲ ಪರಮಪ್ರಸಾದಕ್ಕಾಗಿ ಭಾನುವಾರದ ತರಗತಿಗೆ ಹೋಗುತ್ತಾಳೆ. ಹೋದ ವಾರ ಅಲ್ಲಿಂದ ನೇರವಾಗಿ ನನ್ನ ಮನೆಗೆ ಬಂದಳು.

"ಆಂಟಿ, ಜ್ಞಾನಸ್ನಾನ ಒಂದೇ ಸಲ ಆಗೋದಂತೆ. ಸಿಸ್ಟರ್ ಹೇಳಿದ್ರು. ನಂದು ಯಾವ್ದು, ನಿಮ್ದಾ, ಫಾದರ್‌ದಾ?"

ಅಮ್ಮನನ್ನು ಕೇಳು ಎಂದೆ.

"ಕೇಳ್ದೆ. ಅಮ್ಮ ನಿಮ್ಮನ್ನೇ ಕೇಳು ಅಂದ್ರು."