ತಿಳಿ ಬಾಯಮ್ಮ ಬಡಿಸಿದ ಹಬ್ಬದೂಟ

ಕಾಪುವಿನಲ್ಲಿ ಬಸ್ಸಿಳಿದು ಮ್ಯಾಗ್ಡಲಿನ್ ಮನೆ ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಿಳಿ ಬಾಯಮ್ಮನ ಮನೆ ಎಂದರೆ ಸಣ್ಣ ಮಕ್ಕಳು ಕೂಡ ಕೈ ತೋರಿಸುತ್ತಿದ್ದರು. ಅವಳು ನನ್ನ ಅತ್ತಿಗೆ, ನನ್ನ ಒಬ್ಬನೇ ಅಣ್ಣ ವಲೇರಿಯನ್‌ನ ಹೆಂಡತಿ. ನಮಗಿಬ್ಬರಿಗೂ ಒಂದೇ ಪ್ರಾಯ, ಹಾಗಾಗಿ ಬಾಯಲ್ಲಿ ಅತ್ತಿಗೆ ಎಂದರೂ ನೀನು ಎಂದೇ ಮಾತು. ನನ್ನ ಬಾಯಿ ಜೋರು. ಅದನ್ನು ನಾನು ಮದುವೆಯಾಗಿ ಹೋದ ಕೆಮ್ಮಣ್ಣು ಊರಿನಲ್ಲಿ ನನ್ನ ಗಂಡ ಓಸ್ವಾಲ್ಡ್‌ನನ್ನು ಕೇಳಿದರೂ ಹೇಳುತ್ತಾನೆ.

ಎಪ್ಪತ್ತೆರಡರಲ್ಲಿ ಅತ್ತಿಗೆ ಉಡುಪಿಯಲ್ಲಿ ಮೂರು ತಿಂಗಳು ತರಬೇತಿ ಮುಗಿಸಿ, ಮಹಿಳಾ ಮಂಡಲಗಳಲ್ಲಿ ಅಡುಗೆ ಕಲಿಸುವ ಕೆಲಸಕ್ಕೆ ಸೇರಿದಳು. ಅಡುಗೆ ಎಂದರೆ ಹಲ್ವ, ಕೇಕು ಅಲ್ಲ. ಮನೆಯಲ್ಲಿ ಇರುವುದರಲ್ಲೇ ಮಕ್ಕಳಿಗೆ ಶಕ್ತಿ ಬರುವ ಹಾಗೆ ಬೇಯಿಸುವುದು ಹೇಗೆ ಎಂಬ ಪಾಠ. ಒಂದು ಕೈಯಲ್ಲಿ ಸೀಮೆ ಎಣ್ಣೆ ಸ್ಟೌ, ಇನ್ನೊಂದರಲ್ಲಿ ಚೀಲ ಹಿಡಿದು ಊರೂರು ತಿರುಗುತ್ತಿದ್ದಳು. ಆಗ ನಮ್ಮ ಕಡೆಯ ಮನೆಗಳಲ್ಲಿ ಕುಚ್ಚಲಕ್ಕಿ ಅನ್ನ ಬಸಿದು ತಿಳಿಯನ್ನು ದನದ ಬಾನಿಗೆ ಹೊಯ್ಯುವುದು, ಹರಿವೆ ಸೊಪ್ಪು ಬೇಯಿಸಿ ನೀರು ಚೆಲ್ಲುವುದು ಮಾಮೂಲು. ಅತ್ತಿಗೆ ಸೊಂಟಕ್ಕೆ ಕೈ ಕೊಟ್ಟು ನಿಂತು ಹೇಳುತ್ತಿದ್ದಳು, "ಸತ್ವ ಎಲ್ಲ ಆ ನೀರಿನಲ್ಲೇ ಉಂಟು. ತಿಳಿಯನ್ನು ದನಕ್ಕೆ ಕೊಟ್ಟು ಮಗುವಿಗೆ ಬಿಸ್ಕತ್ತು ಕೊಡುತ್ತೀರಲ್ಲ, ನಿಮ್ಮ ದನ ನೋಡಿ ಹೇಗುಂಟು, ಮಗು ನೋಡಿ ಹೇಗುಂಟು." ಹೆಂಗಸರು ನಗುತ್ತಿದ್ದರು. ನಗುತ್ತಲೇ ಕಲಿತರು. ನಮ್ಮ ಕ್ರಿಸ್ತುವ ಹೆಂಗಸರನ್ನು ಊರಿನವರು ಬಾಯಮ್ಮ ಎನ್ನುತ್ತಾರೆ; ತಿಳಿ ಬಾಯಮ್ಮ ಎಂಬ ಹೆಸರು ಹಾಗೆ ಬಿದ್ದದ್ದು.

ಕುಶಲಾ ಎಂಬ ಬೀಡಿ ಕಟ್ಟುವ ಹೆಂಗಸಿನ ಮಗಳಿಗೆ ಎರಡು ವರ್ಷವಾದರೂ ನಿಲ್ಲಲು ಕಾಲಲ್ಲಿ ಬಲ ಇರಲಿಲ್ಲ. ಅತ್ತಿಗೆ ಆರು ತಿಂಗಳು ಬಿಡದೆ ಆ ಮನೆಗೆ ಹೋದಳು. ಗಂಜಿ, ಹುರುಳಿ, ನುಗ್ಗೆಸೊಪ್ಪು, ಬೂತಾಯಿ ಮೀನು. ಬೇರೆ ಮದ್ದು ಎಂತದೂ ಇಲ್ಲ. ಆ ಹುಡುಗಿ ಈಗ ಹೈಸ್ಕೂಲಿಗೆ ನಡೆದೇ ಹೋಗುತ್ತಾಳೆ. ಅತ್ತಿಗೆಗೆ ಮಕ್ಕಳಾಗಲಿಲ್ಲ. ಅದರ ದುಃಖವನ್ನು ಅವಳು ಊರಿನ ಮಕ್ಕಳ ಹೊಟ್ಟೆ ತುಂಬಿಸಿ ತೀರಿಸಿಕೊಂಡಳು ಎಂದು ನನಗೆ ಕಾಣುತ್ತಿತ್ತು.

ಅಣ್ಣ ಕಾರ್ಕಳ–ಉಡುಪಿ ಬಸ್ಸಿನಲ್ಲಿ ಕಂಡಕ್ಟರ್. ಸಕ್ಕರೆ ಕಾಯಿಲೆ ಇತ್ತು, ರಕ್ತದ ಒತ್ತಡವೂ ಇತ್ತು. ಎರಡನ್ನೂ ಅವನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಎಂಬತ್ತಮೂರರ ಮಳೆಗಾಲದಲ್ಲಿ ಅವನ ಕಾಲು, ಮುಖ ಊದಿಕೊಂಡವು. ಮಣಿಪಾಲಕ್ಕೆ ಕರೆದುಕೊಂಡು ಹೋದಾಗ ಎರಡೂ ಕಿಡ್ನಿ ಹೆಚ್ಚುಕಡಿಮೆ ಹೋಗಿವೆ ಎಂದರು. ಮದ್ದು ಕೊಟ್ಟರು, ಆದರೆ ಇನ್ನು ಅವನ ಆಯುಷ್ಯ ಇರುವುದು ಊಟದ ಬಟ್ಟಲಿನಲ್ಲೇ ಎಂದು ಡಾಕ್ಟರ್ ಹೇಳಿದರಂತೆ.

ನಾನು ಆ ದಿನ ಹೋಗಿರಲಿಲ್ಲ. ಅತ್ತಿಗೆಯನ್ನು ಸುಭಾಷಿಣಿ ಎಂಬ ಹುಡುಗಿಯ ಹತ್ತಿರ ಕಳಿಸಿದ್ದರು, ರೋಗಿಗಳಿಗೆ ಏನು ತಿನ್ನಿಸಬೇಕು ಎಂದು ಹೇಳಿಕೊಡುವವಳು. ಅವಳು ಹೇಳಿದ್ದು ಇಷ್ಟು: ಸೊಪ್ಪು, ಬಾಳೆಹಣ್ಣು, ಬೊಂಡದ ಎಳನೀರು, ಇವುಗಳಲ್ಲೆಲ್ಲ ಒಂದು ಲವಣ ಉಂಟು. ನಮಗೆಲ್ಲ ಅದು ಒಳ್ಳೆಯದೇ. ಕಿಡ್ನಿ ಕೆಟ್ಟವರಲ್ಲಿ ಅದು ಹೊರಗೆ ಹೋಗುವುದಿಲ್ಲ, ರಕ್ತದಲ್ಲೇ ಸೇರಿ ಸೇರಿ ಒಂದು ದಿನ ಹೃದಯವನ್ನು ನಿಲ್ಲಿಸುತ್ತದೆ. ಆದ್ದರಿಂದ ತರಕಾರಿಯನ್ನು ಸಣ್ಣಗೆ ಹೆಚ್ಚಿ ನೆನೆಹಾಕಿ, ತುಂಬ ನೀರಿನಲ್ಲಿ ಬೇಯಿಸಿ, ಆ ನೀರನ್ನು ಪೂರ್ತಿ ಚೆಲ್ಲಬೇಕು. ಸೊಪ್ಪು ಬೇಡವೇ ಬೇಡ. ಕುಚ್ಚಲಕ್ಕಿ ಬೇಡ, ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಅನ್ನ ಬಸಿದು ಕೊಡಿ.

ಅತ್ತಿಗೆ ಹನ್ನೊಂದು ವರ್ಷ ಕಲಿಸಿದ್ದಕ್ಕೆ ಪೂರಾ ತಿರುಗುಮುರುಗು. ಮೊದಲ ವಾರ ನಾನು ನೋಡಲು ಹೋದಾಗ ಅವಳು ಹಿತ್ತಿಲಲ್ಲಿ ಹೀರೆಕಾಯಿ ಬೇಯಿಸಿದ ನೀರು ಹಿಡಿದು ನಿಂತಿದ್ದಳು. ಚೆಲ್ಲಲು ಕೈ ಬಾರದೆ ನಿಂತದ್ದು. ಕೊನೆಗೆ ತೆಂಗಿನ ಬುಡಕ್ಕೆ ಹೊಯ್ದು ಒಳಗೆ ಬಂದು, "ಇದು ಊಟವಾ ಗ್ಲ್ಯಾಡಿಸ್? ಉಪ್ಪಿಲ್ಲ, ರಸ ಇಲ್ಲ. ಅವರ ಎದುರು ಬಟ್ಟಲು ಇಡುವಾಗ ನನಗೆ ನಾಚಿಕೆ ಆಗುತ್ತದೆ" ಎಂದು ಅತ್ತಳು.

ನಾಚಿಕೆ ಆದರೂ ಅವಳು ತಪ್ಪಲಿಲ್ಲ. ಹದಿನಾಲ್ಕು ತಿಂಗಳು, ದಿನಕ್ಕೆ ಎರಡು ಹೊತ್ತು, ಅಳೆದು ಬೇಯಿಸಿದಳು, ಬಸಿದಳು, ಚೆಲ್ಲಿದಳು. ಪಾಠ ಮಾಡಲು ಹೋಗುವಾಗಲೂ ಅಣ್ಣನ ಊಟ ಮುಚ್ಚಿಟ್ಟು ಹೋಗುತ್ತಿದ್ದಳು. ಅಲ್ಲಿ ಹೋಗಿ ನೀರು ಚೆಲ್ಲಬೇಡಿ ಎನ್ನುವುದು, ಮನೆಗೆ ಬಂದು ಚೆಲ್ಲುವುದು. ಅಣ್ಣನ ಊತ ಇಳಿಯಿತು. ಡಾಕ್ಟರ್ ಖುಷಿಪಟ್ಟು, ಹೀಗೇ ಹೋದರೆ ಇನ್ನೂ ಕೆಲವು ವರ್ಷ ದೂಡಬಹುದು ಎಂದಿದ್ದರಂತೆ. ಆದರೆ ಊತ ಇಳಿದ ಮೇಲೆ ಅವನ ಎಲುಬು ಕಾಣಿಸಿತು. ನನ್ನ ಕಣ್ಣಿಗೆ ಬಿದ್ದದ್ದು ಅದೊಂದೇ.

ಎಂಬತ್ತನಾಲ್ಕರ ಸೆಪ್ಟೆಂಬರ್ ಎಂಟು, ಶನಿವಾರ, ಮೊಂತಿ ಹಬ್ಬ. ಮಾತೆಯ ಹುಟ್ಟುಹಬ್ಬ, ನಮಗೆ ಹೊಸ ತೆನೆಯ ಹಬ್ಬ. ಇಗರ್ಜಿಯಲ್ಲಿ ಮಂತ್ರಿಸಿದ ತೆನೆ ತಂದು, ಅದರ ಕಾಳನ್ನು ಪುಡಿಮಾಡಿ ತೆಂಗಿನ ಹಾಲಿನಲ್ಲಿ ಕಲಸಿ, ಮನೆಯವರೆಲ್ಲ ಒಟ್ಟಿಗೆ ಕೂತು ತಿನ್ನಬೇಕು. ಆ ದಿನ ಮೀನಿಲ್ಲ, ಮಾಂಸ ಇಲ್ಲ. ತರಕಾರಿಯೇ, ಅದೂ ಐದು, ಏಳು, ಒಂಬತ್ತು ಹೀಗೆ ಬೆಸ ಲೆಕ್ಕದಲ್ಲಿ. ಯಾರಿಗೂ ಬೇರೆ ಪಾತ್ರೆ ಇಡುವ ಕ್ರಮ ಇಲ್ಲ. ಮನೆಯ ಮಗಳಾದ ನಾನು ಪ್ರತಿವರ್ಷದ ಹಾಗೆ ಓಸ್ವಾಲ್ಡ್‌ನ ಜೊತೆ ತವರಿಗೆ ಹೋದೆ, ನಮ್ಮ ತೋಟದ ನಾಲ್ಕು ಬೊಂಡ ಹಿಡಿದುಕೊಂಡು.

ಅತ್ತಿಗೆ ಒಂಬತ್ತು ಬಗೆ ಮಾಡಿದ್ದಳು. ಕೆಸುವಿನ ದಂಟಿಗೆ ಅಂಬಟೆ ಹಾಕಿದ್ದು, ಹರಿವೆ, ಬೆಂಡೆ, ಅಲಸಂಡೆ, ಕುಂಬಳ, ಎಲ್ಲವೂ ತೆಂಗಿನ ಹಾಲಿನಲ್ಲಿ. ಮನೆ ಘಮ್ ಎನ್ನುತ್ತಿತ್ತು. ಅಣ್ಣ ಪ್ರಾರ್ಥನೆ ಹೇಳಿ ಎಲ್ಲರಿಗೂ ತೆನೆಯ ಹಾಲು ಒಂದೊಂದು ಚಮಚ ಹಂಚಿದ, ತಾನು ತುಟಿಗೆ ತಾಗಿಸಿದ. ಮತ್ತೆ ಅತ್ತಿಗೆ ಅವನ ಎದುರು ಬೇರೆ ಬಟ್ಟಲು ಇಟ್ಟಳು. ಬೆಳ್ತಿಗೆ ಅನ್ನ, ಹಿಂಡಿ ತೆಗೆದ ನಾಲ್ಕು ಹೋಳು ಹೀರೆಕಾಯಿ. ಅವನು ತಲೆ ತಗ್ಗಿಸಿ ಕಲಸಲು ಶುರುಮಾಡಿದ.

ನನಗೆ ತಡೆಯಲಿಲ್ಲ. "ಇವತ್ತು ಒಂದು ದಿನವಾದರೂ ಅವನಿಗೆ ಮನುಷ್ಯರ ಊಟ ಕೊಡು ಅತ್ತಿಗೆ" ಎಂದೆ.

"ಆಗುವುದಿಲ್ಲ ಗ್ಲ್ಯಾಡಿಸ್. ನಿನಗೆ ಗೊತ್ತುಂಟಲ್ಲ."

"ಎಂತ ಗೊತ್ತುಂಟು? ಊರಿನ ಮಕ್ಕಳಿಗೆಲ್ಲ ಸತ್ವ ಕುಡಿಸಿದಿ. ನನ್ನ ಅಣ್ಣನಿಗೆ ಮಾತ್ರ ದನದ ಹಿಂಡಿ. ನೋಡು ಅವನನ್ನು, ಗಾಳಿ ಬಂದರೆ ಬೀಳುತ್ತಾನೆ. ಹೊಟ್ಟೆಗೆ ಹಾಕದೆ ಕೊಲ್ಲುತ್ತೀಯಲ್ಲ."

ಓಸ್ವಾಲ್ಡ್ ನನ್ನ ಕೈ ಜಗ್ಗಿದ. ನಾನು ನಿಲ್ಲಿಸಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿದ್ದಿದ್ದರೆ ಉಣ್ಣಿಸುವ ಸಂಕಟ ಗೊತ್ತಾಗುತ್ತಿತ್ತು ಎಂದೂ ಹೇಳಿದೆ. ಹೌದು, ಹಾಗೆ ಹೇಳಿದೆ, ಬಾಯಿ ಬಿಟ್ಟು, ಎಲ್ಲರ ಎದುರು.

ಅಣ್ಣ ತಲೆ ಎತ್ತಿ ನನ್ನನ್ನಲ್ಲ, ಅವಳನ್ನು ನೋಡಿದ. "ಒಂದು ದಿನಕ್ಕೆ ಎಂತ ಆಗುತ್ತದೆ ಮಾರಾಯ್ತಿ" ಎಂದ. ಕೇಳುವ ಸ್ವರ ಮಗುವಿನದ್ದು. ಅತ್ತಿಗೆ ಸೌಟು ಕೆಳಗಿಟ್ಟಳು. ಮತ್ತೆ ಆ ಬಟ್ಟಲು ತೆಗೆದು ಬಾಳೆ ಎಲೆ ಹಾಕಿದಳು. ಒಂಬತ್ತನ್ನೂ ಬಡಿಸಿದಳು, ರಸದ ಸಮೇತ. ಅವನು ಎರಡೆರಡು ಸಲ ಹಾಕಿಸಿಕೊಂಡ. ಬೆವರಿದ, ನಕ್ಕ, ಬೆರಳು ನೆಕ್ಕಿದ. ಊಟ ಮುಗಿದ ಮೇಲೆ ಬೊಂಡ ಕೆತ್ತಿ ಕೊಟ್ಟವಳು ನಾನು. ಒಂದು ಕುಡಿದು ಇನ್ನೊಂದು ಕೇಳಿದ. ನನಗೆ ಗೆದ್ದ ಹಾಗೆ ಸಂತೋಷವಾಯಿತು.

ಆ ರಾತ್ರಿ ನಾವು ತವರಲ್ಲೇ ಉಳಿದೆವು. ಮರುದಿನ ಭಾನುವಾರ ಎಲ್ಲರೂ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರುವಾಗ ಕಾಲು ಎತ್ತಲು ಆಗುವುದಿಲ್ಲ ಎಂದು ಅಣ್ಣ ಕಟ್ಟೆಯ ಮೇಲೆ ಕೂತ. ಬಾಡಿಗೆ ಕಾರು ಸಿಕ್ಕಿ ಮಣಿಪಾಲದ ಏರು ಹತ್ತುವಷ್ಟರಲ್ಲಿ ಅತ್ತಿಗೆಯ ಮಡಿಲಿನಲ್ಲೇ ಅವನ ಉಸಿರು ನಿಂತಿತು. ನಿನ್ನೆ ಏನು ತಿಂದಿದ್ದರು ಎಂದು ಆಸ್ಪತ್ರೆಯಲ್ಲಿ ಕೇಳಿದರು. ಅತ್ತಿಗೆ ಒಂಬತ್ತು ಪದಾರ್ಥದ ಹೆಸರನ್ನೂ ಹೇಳಿದಳು, ಬೊಂಡವನ್ನೂ ಹೇಳಿದಳು. ತಂದವರು ಯಾರು ಎಂದು ಹೇಳಲಿಲ್ಲ. ನಾನು ಪಕ್ಕದಲ್ಲೇ ಇದ್ದೆ.

ಏಳನೆಯ ದಿನದ ಪೂಜೆ ಮುಗಿದು ಜನ ಹೋದ ಮೇಲೆ ಅಡುಗೆಮನೆಯಲ್ಲಿ ಅವಳು ನನ್ನನ್ನು ಕೇಳಿದಳು. "ಗ್ಲ್ಯಾಡಿಸ್, ಅವರನ್ನು ನಾನು ಕೊಂದದ್ದಾ?"

ಅಲ್ಲ ಎನ್ನಬಹುದಿತ್ತು. ನಾವಿಬ್ಬರೂ ಸೇರಿ ಎನ್ನಬಹುದಿತ್ತು. ನನ್ನೊಳಗಿನ ಹೆದರಿಕೆ ಸಿಟ್ಟಾಗಿ ಹೊರಗೆ ಬಂತು. "ಮತ್ತೆ ಯಾರು? ಬಡಿಸಿದ ಕೈ ಯಾರದ್ದು?" ಎಂದೆ. ಅವಳು ಹೌದು ಎಂದು ತಲೆ ಆಡಿಸಿ ಪಾತ್ರೆ ತೊಳೆಯಲು ಕೂತಳು.

ಅತ್ತಿಗೆ ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಸ್ಟೌವನ್ನು ಆಫೀಸಿಗೆ ವಾಪಸು ಕಳಿಸಿದಳು. ಕುಶಲಾ ಮಗಳನ್ನು ಕರೆದುಕೊಂಡು ಬಂದು, "ಬಾಯಮ್ಮ, ನೀವು ಬಾರದೆ ನಮ್ಮ ಮಂಡಲದಲ್ಲಿ ಯಾರೂ ಸೇರುವುದಿಲ್ಲ" ಎಂದು ಕೈ ಹಿಡಿದು ಕೇಳಿದಳು. "ನನಗೆ ಅಡುಗೆ ಗೊತ್ತಿಲ್ಲ, ಬೇರೆಯವರನ್ನು ಕೇಳಿ" ಎಂದಳಂತೆ. ಅವಳು ತಿನ್ನುವುದು ಅನ್ನ, ಉಪ್ಪಿನಕಾಯಿ, ಅಷ್ಟೇ. ಐವತ್ತು ತುಂಬುವ ಮೊದಲೇ ಕೆನ್ನೆ ಒಳಗೆ ಹೋಗಿ ಮುದುಕಿಯಾದಳು.

ನನಗೆ ಹೇಳಲು ನಾಲ್ಕು ವರ್ಷ ಬೇಕಾಯಿತು. ಎಂಬತ್ತೆಂಟರ ಮೊಂತಿ ಹಬ್ಬದ ದಿನ ಒಬ್ಬಳೇ ಹೋದೆ. ಅಡುಗೆಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ನಾನು ನಿಂತೇ ಹೇಳಿದೆ, "ಅತ್ತಿಗೆ, ತಪ್ಪು ನನ್ನದು. ಒತ್ತಾಯ ಮಾಡಿದವಳು ನಾನು. ಬೊಂಡ ನನ್ನದು. ಆ ದಿನ ನಾನು ಬಾಯಿ ಮುಚ್ಚಿದ್ದರೆ ಅವನು ಇರುತ್ತಿದ್ದ. ನಿನ್ನ ಮೇಲೆ ಹಾಕಿದ್ದು ಸುಳ್ಳು."

ಅವಳಿಗೆ ಸಿಟ್ಟು ಬರಬಹುದು, ಅಳಬಹುದು, ಹೊಡೆಯಲೂಬಹುದು ಎಂದುಕೊಂಡಿದ್ದೆ. ಹೊಡೆದರೆ ಒಳ್ಳೆಯದಿತ್ತು. ಅವಳು ಸಮಾಧಾನದಿಂದಲೇ ಹೇಳಿದಳು, "ನೀನು ಹೇಳಿದ್ದು ಗೊತ್ತಿಲ್ಲದೆ ಗ್ಲ್ಯಾಡಿಸ್. ಆ ಹುಡುಗಿ ಹೃದಯ ನಿಲ್ಲುತ್ತದೆ ಎಂದು ಕೂರಿಸಿ ಹೇಳಿದ್ದು ನನಗೆ. ಗೊತ್ತಿದ್ದೇ ಬಡಿಸಿದೆ. ಅವರು ತಿನ್ನುವುದನ್ನು ನೋಡಲು ನನಗೇ ಆಸೆ ಇತ್ತು."

ನಾನು ಕೊಡೆ ತೆಗೆದುಕೊಂಡು ಹೊರಟೆ. ಅವಳು ಗೇಟಿನವರೆಗೆ ಬಂದು, ಬಸ್ಸು ಹನ್ನೆರಡೂವರೆಗೆ ಉಂಟು ಎಂದಳು. ಹಬ್ಬದ ದಿನ ತವರುಮನೆಯಿಂದ ನನ್ನನ್ನು ಉಣ್ಣಿಸದೆ ಕಳಿಸಿದ್ದು ಅದೇ ಮೊದಲು.